ಬಲಗಡೆಯ ಖಾಲಿ ಜಾಗ

ಜನವರಿ ೯

ಪ್ರೀತಿಯ ನಾದಿನಿಗೆ,

ನಿಮ್ಮಣ್ಣ ಆಸ್ಪತ್ರೆಯಿಂದ ಮನೆಗೆ ಬಂದರು. ಕೈಕಾಲು ಸರಿಯಾಗಿವೆ, ಮಾತು ಸರಿಯಾಗಿದೆ. ಸರಿಯಾಗಿರುವುದೇನು, ಬಂದ ಗಳಿಗೆಯಿಂದ ಬಾಯಿ ಮುಚ್ಚಿಲ್ಲ. ಆಸ್ಪತ್ರೆಯ ಮಂಚ ಕಿರುಗುಟ್ಟುತ್ತಿತ್ತಂತೆ, ಅದಕ್ಕೆ ಯಾವ ಅಳತೆಯ ಬೋಲ್ಟ್ ಹಾಕಬೇಕೆಂದು ನರ್ಸಮ್ಮನಿಗೆ ಪಾಠ ಹೇಳಿ ಬಂದಿದ್ದಾರೆ. ತಲೆಯಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು, ಈಗ ಗಂಡಾಂತರ ಕಳೆಯಿತು ಎಂದಿದ್ದಾರೆ ಡಾಕ್ಟರು. ಕಣ್ಣು ಮಾತ್ರ ಸ್ವಲ್ಪ ಮಂಜು. ಅಷ್ಟೇ. ನೀನು ಹೆದರಿಕೊಂಡು ರಜೆ ಹಾಕಿ ಓಡಿ ಬರಬೇಡ.

ಹೆದರಬೇಕಾದವಳು ನಾನು. ಬೆಳಿಗ್ಗೆ ಶಾಲೆಯ ಲೈಬ್ರರಿ ಕೆಲಸ ಮುಗಿಸಿ, ಮಧ್ಯಾಹ್ನದಿಂದ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಿದ್ದೇನೆ. ಆ ಗೋಡೆ ನಿನಗೆ ಗೊತ್ತಲ್ಲ, ನೆಲದಿಂದ ಸೂರಿನವರೆಗೆ ಬರೀ ಪುಟ್ಟ ಪುಟ್ಟ ಡ್ರಾಯರು, ಒಂದರ ಮೇಲೂ ಹೆಸರಿಲ್ಲ. ಎಲ್ಲ ನಿಮ್ಮಣ್ಣನ ತಲೆಯಲ್ಲಿ. ಯಾರಾದರೂ ವಾಷರ್ ಕೇಳಿದರೆ ನಾನು ಕಂಡಕಂಡ ಡ್ರಾಯರನ್ನೆಲ್ಲ ಎಳೆದು, ಬೆರಳಿಗೆ ಮೊಳೆ ಚುಚ್ಚಿಸಿಕೊಂಡು, ಕೊನೆಗೆ ಕೊಡುವುದು ಚಿಲಕ. ಗಿರಾಕಿಗಳಿಗೆ ಪುಕ್ಕಟೆ ಮನರಂಜನೆ.

ಪಕ್ಕದ ಬಣ್ಣದಂಗಡಿಯವರು ಆಗಲೇ ಬಂದು, "ಯಾಕಮ್ಮ ಇಷ್ಟು ಕಷ್ಟ? ಅಂಗಡಿ ನಮಗೆ ಬಿಟ್ಟುಕೊಡಿ. ನಡುವಿನ ಗೋಡೆ ಒಡೆದು ಎರಡನ್ನೂ ಒಂದು ಮಾಡ್ಕೋತೀವಿ" ಎಂದರು. ಸದ್ಯಕ್ಕೆ ನಕ್ಕು ಕಳಿಸಿದ್ದೇನೆ. ಈ ಬೀದಿಗೆಲ್ಲ ಫೋನ್ ಇರುವುದು ಅವರ ಹತ್ತಿರ ಮಾತ್ರ, ಅವರ ಕಿವಿಯೋ ಮೊರದಗಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನೀನು ಆಸ್ಪತ್ರೆಗೆ, ಸ್ಟೇಷನ್ನಿಗೆ ದಾರಿ ತೋರಿಸುವ ಬೋರ್ಡ್ ಮಾಡುವವಳು. ಮಂಜು ಕಣ್ಣಿಗೂ ಕಾಣುವ ಹಾಗೆ ಡ್ರಾಯರುಗಳಿಗೆ ಹೆಸರು ಅಂಟಿಸುವುದು ಹೇಗೆ, ತಿಳಿಸು. ನಿಮ್ಮಣ್ಣ ಮತ್ತೆ ಅಂಗಡಿಯಲ್ಲಿ ಕೂರಬೇಕು. ಇಲ್ಲದಿದ್ದರೆ ಮನೆಯಲ್ಲಿ ನನ್ನ ಪ್ರಾಣ ತಿನ್ನುತ್ತಾರೆ.

ನಿನ್ನ ಅತ್ತಿಗೆ

ಇಲಿಮರೀ, ನಾನು ಗಟ್ಟಿಯಾಗಿದ್ದೇನೆ. ನಿಮ್ಮತ್ತಿಗೆ ಹೇಳಿದ್ದರಲ್ಲಿ ಅರ್ಧ ಕಳೆದು ಕೇಳು. ಊಟ ಸರಿಯಾಗಿ ಮಾಡು. ನಿನ್ನ ಅಣ್ಣ.


ಜನವರಿ ೨೧

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ನೋಡಿ ಹೋದ ಜೀವ ಬಂದಂತಾಯಿತು. ಕೊನೆಯಲ್ಲಿ ಅಣ್ಣನ ಕೈಬರಹ ಕಂಡಾಗಲಂತೂ ಕುರ್ಚಿಯಲ್ಲಿ ಕೂತಲ್ಲೇ ನಕ್ಕೆ. ಅಕ್ಷರ ಮೊದಲಿನಷ್ಟೇ ದುಂಡಗಿದೆ. ಆದರೆ ಅಷ್ಟೂ ಸಾಲನ್ನು ಹಾಳೆಯ ಎಡ ಅರ್ಧದಲ್ಲೇ ತುರುಕಿ, ಬಲಗಡೆಯನ್ನು ಪೂರ್ತಿ ಖಾಲಿ ಬಿಟ್ಟಿದ್ದಾನೆ! ಅಂಚಿನಿಂದ ಅಂಚಿಗೆ ಬರೆದು, ಮಿಕ್ಕದ್ದನ್ನು ಪಕ್ಕದಲ್ಲಿ ಅಡ್ಡಡ್ಡ ಗೀಚುತ್ತಿದ್ದ ಜಿಪುಣ ಇವನೇನಾ? ಖಾಲಿ ಜಾಗಕ್ಕೂ ಬೆಲೆಯಿದೆ, ಅದನ್ನು ಬಿಡಲು ಕಲಿಯಿರಿ ಎಂದು ಆಫೀಸಿನ ಹೊಸಬರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅಣ್ಣ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಕಲಿತುಬಿಟ್ಟ.

ಇನ್ನು ನಿಮ್ಮ ಗೋಡೆಯ ವಿಷಯ. ಕಣ್ಣು ಸೋಮಾರಿ, ಅತ್ತಿಗೆ. ಹುಡುಕುವ ಕೆಲಸ ಕೊಟ್ಟರೆ ಅದು ಮುನಿಸಿಕೊಳ್ಳುತ್ತದೆ. ಆದ್ದರಿಂದ ಕಾಣಬೇಕಾದದ್ದು ಹಿನ್ನೆಲೆಗೆ ವಿರುದ್ಧವಾಗಿರಬೇಕು: ಮಾಸಿದ ಮರದ ಮೇಲೆ ತಿಳಿಹಳದಿ ಚೀಟಿ, ಚೀಟಿಯ ಮೇಲೆ ಕಡುಗಪ್ಪು ಅಕ್ಷರ. ಚೀಟಿಗಳೆಲ್ಲ ಒಂದೇ ಅಳತೆ ಇರಲಿ, ಒಂದೇ ಗೆರೆಗೆ ಅಂಟಲಿ. ಒಂದು ಮೇಲೆ, ಒಂದು ಕೆಳಗೆ ಆದರೆ ಕಣ್ಣು ಪ್ರತಿಸಲವೂ ಎಡವುತ್ತದೆ. ಅಕ್ಷರದ ಸುತ್ತ ಒಂದು ಬೆರಳಷ್ಟು ಉಸಿರಾಡುವ ಜಾಗ ಬಿಡಿ.

ಮುಖ್ಯವಾಗಿ, ಒಂದು ಕ್ರಮ ಬೇಕು. ನೀವು ಲೈಬ್ರರಿಯವರು, ನಿಮಗೆ ನಾನು ಹೇಳಬೇಕೇ? ಇಡೀ ಗೋಡೆಯನ್ನು ಅಕಾರಾದಿಯಾಗಿ ಜೋಡಿಸಿಬಿಡಿ. ಆಣಿಯಿಂದ ಶುರುಮಾಡಿ. ಆಮೇಲೆ ಯಾರು ಬೇಕಾದರೂ, ಕಣ್ಣು ಮಂಜಾದವರೂ, ಹುಡುಕದೆ ಸೀದಾ ಕೈ ಹಾಕಬಹುದು. ಲೇಬಲ್ಲುಗಳನ್ನು ನಾನೇ ಅಚ್ಚು ಹಾಕಿಸಿ ಇದರ ಜೊತೆ ಕಳಿಸಿದ್ದೇನೆ. ಅಣ್ಣನಿಗೆ ನನ್ನ ಕಾಣಿಕೆ ಎನ್ನಿ.

ನಿಮ್ಮ ನಾದಿನಿ


ಫೆಬ್ರವರಿ ೬

ಪ್ರೀತಿಯ ನಾದಿನಿಗೆ,

ನೀನು ಹೇಳಿದಂತೆ ಚಾಚೂ ತಪ್ಪದೆ ಮಾಡಿದೆ. ಭಾನುವಾರ ಅಂಗಡಿಯ ಬಾಗಿಲು ಹಾಕಿಕೊಂಡು, ಡ್ರಾಯರುಗಳನ್ನೆಲ್ಲ ನೆಲಕ್ಕೆ ಸುರಿದು, ಅಕಾರಾದಿಯಾಗಿ ತುಂಬಿಸಿ, ನಿನ್ನ ಲೇಬಲ್ ಅಂಟಿಸಿದೆ. ನಿಮ್ಮಣ್ಣನಿಗೆ ಹೇಳಿರಲಿಲ್ಲ, ನೋಡಿ ಖುಷಿಪಡಲಿ ಅಂತ. ಮುಗಿಸಿ ಹಿಂದೆ ಸರಿದು ನಿಂತು ನೋಡಿದರೆ ನನ್ನ ಕಣ್ಣಿಗೇ ದೃಷ್ಟಿಯಾಗುವ ಹಾಗಿತ್ತು. ಇಷ್ಟು ಒಪ್ಪವಾದ ಗೋಡೆಯನ್ನು ನಮ್ಮ ಲೈಬ್ರರಿಯಲ್ಲೂ ನಾನು ಕಂಡಿಲ್ಲ.

ಮಾರನೆಯ ದಿನ ಅವರನ್ನು ಕರೆತಂದೆ. ಬಾಗಿಲಲ್ಲಿ ನಿಂತು ನೋಡಿದರು. ಅಷ್ಟರಲ್ಲಿ ನಲ್ಲಿ ರಿಪೇರಿಯವನು ಬಂದು ಒಂದು ಚೀಟಿ ಚಾಚಿದ. "ಕನ್ನಡಕ ಒಳಗಿದೆ, ಬಾಯಲ್ಲಿ ಹೇಳು" ಅಂದರು. ಅವನು ವಾಷರ್ ಅಂದ. ಇವರು ಗೋಡೆಯ ಕಡೆ ತಿರುಗದೆಯೇ ಕೈ ಚಾಚಿ, ಡ್ರಾಯರ್ ಎಳೆದು, ಒಂದು ಹಿಡಿ ತೆಗೆದು ಪೊಟ್ಟಣ ಕಟ್ಟಿ ಕೊಟ್ಟರು. ಬಿಚ್ಚಿದರೆ ಮರದ ಸ್ಕ್ರೂ! ಅವನು ತಮಾಷೆ ಅಂದುಕೊಂಡು ಬಿದ್ದು ಬಿದ್ದು ನಕ್ಕ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು. ಆಮೇಲೆ ಹಿಂದಿನ ಸ್ಟೂಲಿನ ಮೇಲೆ ಹೋಗಿ ಕೂತವರು ಸಂಜೆಯವರೆಗೆ ಏಳಲಿಲ್ಲ.

ಅಕ್ಷರ ಇನ್ನೂ ಸ್ವಲ್ಪ ದೊಡ್ಡದಾಗಿದ್ದರೆ ಒಳ್ಳೆಯದೇನೋ. ಇನ್ನೊಂದು ಕಂತು ಕಳಿಸುತ್ತೀಯಾ?

ನಿನ್ನ ಅತ್ತಿಗೆ

ಇಲಿಮರೀ, ಲೇಬಲ್ ಚೆಂದ ಇದೆ. ಹಳದಿ ಚೆಂದ. ನಿನ್ನ ಕೆಲಸ ಯಾವಾಗಲೂ ಚೆಂದ. ಅಣ್ಣ.


ಫೆಬ್ರವರಿ ೧೭

ಪ್ರೀತಿಯ ಅತ್ತಿಗೆ,

ಇನ್ನೂ ದೊಡ್ಡದೇ? ಆ ಅಕ್ಷರವನ್ನು ಬೀದಿಯ ಆಚೆ ಬದಿಯಿಂದ ಓದಬಹುದು! ಕೋಪಿಸಿಕೊಳ್ಳಬೇಡಿ, ಆದರೆ ಇದನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಆಸ್ಪತ್ರೆಯವರೂ ಇದನ್ನೇ ಹೇಳುತ್ತಾರೆ, ನಮ್ಮ ವಿಭಾಗದ ಹೆಸರು ದೊಡ್ಡದು ಮಾಡಿ, ನಮ್ಮದೂ ದೊಡ್ಡದು ಮಾಡಿ. ಎಲ್ಲರೂ ಕಿರುಚಿದರೆ ಯಾರ ಮಾತೂ ಕೇಳಿಸದು. ಒಂದು ದೊಡ್ಡದಾಗಿ ಕಾಣಬೇಕಾದರೆ ಅದರ ಪಕ್ಕದ್ದು ಸಣ್ಣದಿರಬೇಕು, ಅಷ್ಟೇ ಲೆಕ್ಕ. ನಿಮ್ಮ ಗೋಡೆಯಲ್ಲಿ ಮೊಳೆ ದೊಡ್ಡದೋ, ತಿರುಪು ದೊಡ್ಡದೋ? ಎಲ್ಲ ಸಮ. ಆದ್ದರಿಂದ ಅಳತೆಯೂ ಸಮ.

ನಿಜ ಹೇಳಿ, ನಾನು ಹೇಳಿದ ಗೆರೆಗೇ ಅಂಟಿಸಿದ್ದೀರಾ? ಅಥವಾ ಎತ್ತರ ಸಿಗದ ಕಡೆ ಸೊಟ್ಟಪಟ್ಟ ಅಂಟಿಸಿ ಬಂದಿರಾ? ಆಗುವುದಾದರೆ ಒಂದು ಫೋಟೋ ತೆಗೆಸಿ ಕಳಿಸಿ. ಅಣ್ಣನಿಗೆ ಹೊಸ ಕನ್ನಡಕ ಯಾಕೆ ಮಾಡಿಸಿಲ್ಲ? ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ನಾನು ಇಷ್ಟು ದೂರದಿಂದ ಹೇಳಬೇಕೇ?

ಜೊತೆಗೆ ಪಿನ್ ಮಾಡಿರುವ ಚೀಟಿ ಅಣ್ಣನಿಗೆ ಮಾತ್ರ. ಕದ್ದು ನೋಡುವ ಹಾಗಿಲ್ಲ!

ನಿಮ್ಮ ನಾದಿನಿ

(ಚೀಟಿ)
ಅಣ್ಣಾ, ಈ ಎರಡು ತಿಂಗಳಿಂದ ಅತ್ತಿಗೆ ನಿನಗಾಗಿ ಓಡಾಡಿ ಸವೆದುಹೋಗಿದ್ದಾರೆ. ಅವರಿಗೊಂದು ಕೈಗಡಿಯಾರ ಕೊಡಿಸೋಣ ಅಂತಿದ್ದೇನೆ. ಕೆಂಪು ಪಟ್ಟಿ ಇಷ್ಟವೋ, ಕಪ್ಪು ಪಟ್ಟಿಯೋ? ಮಾತಿಗೆ ಮಾತು ಸೇರಿಸಿ ಉಪಾಯವಾಗಿ ಕೇಳಿ ಬರಿ. ಬಾಯಿ ಬಿಟ್ಟೀಯ, ಹುಷಾರ್!


ಮಾರ್ಚ್ ೧

ನಾದಿನಿಗೆ,

ಲೇಬಲ್ಲುಗಳನ್ನು ಗೆರೆ ಎಳೆದು, ದಾರ ಹಿಡಿದು ಅಂಟಿಸಿದ್ದೇನೆ. ಸುಳ್ಳು ಹೇಳಲು ನನಗೇನು ಹುಚ್ಚೇ? ಫೋಟೋ ತೆಗೆಸಲು ನನಗೆ ಪುರುಸೊತ್ತಿಲ್ಲ.

ಗಡಿಯಾರ ಗಿಡಿಯಾರ ನನಗೆ ಬೇಡ. ಕೆಂಪು ಪಟ್ಟಿಯೂ ಬೇಡ, ಕಪ್ಪು ಪಟ್ಟಿಯೂ ಬೇಡ. ಟೈಮ್ ನೋಡಿಕೊಂಡು ನಾನು ಎಲ್ಲಿಗೆ ಹೋಗಬೇಕಾಗಿದೆ?

ಬಣ್ಣದಂಗಡಿಯವರು ಏಪ್ರಿಲ್ ಕೊನೆಯೊಳಗೆ ಒಂದು ಮಾತು ಹೇಳಿ ಅಂದಿದ್ದಾರೆ. ನಾನು ಕೊಟ್ಟುಬಿಡೋಣ ಅಂತಿದ್ದೇನೆ. ನಿಮ್ಮಣ್ಣ ಅಂಗಡಿಗೆ ಬರುವುದನ್ನು ಬಿಟ್ಟಿದ್ದಾರೆ. ಕೇಳಿದರೆ, "ನಿನಗೆ ತೋಚಿದ ಹಾಗೆ ಮಾಡು" ಅನ್ನುತ್ತಾರೆ. ಹಾಗನ್ನುವ ಗಂಡಸಲ್ಲ ಅವರು, ನಿನಗೂ ಗೊತ್ತು. ಒಂದು ಚಿಲಕದ ವಿಷಯಕ್ಕೆ ಅರ್ಧ ದಿನ ವಾದ ಮಾಡುವ ಮನುಷ್ಯ.

ಅತ್ತಿಗೆ


ಮಾರ್ಚ್ ೧೦

ಅತ್ತಿಗೆ,

ನಿಮ್ಮ ಕಾಗದ ಓದಿ ಮನಸ್ಸಿಗೆ ತುಂಬ ನೋವಾಯಿತು. ಗಡಿಯಾರ ಬೇಡ ಅಂದದ್ದಕ್ಕಲ್ಲ. ಅದು ನಿಮಗೆ ಗೊತ್ತಾದದ್ದು ಹೇಗೆ ಎಂಬುದಕ್ಕೆ. ಚೀಟಿ ಅಣ್ಣನಿಗೆ ಮಾತ್ರ ಎಂದು ಬರೆದಿದ್ದೆ. ನೀವು ಇನ್ನೊಬ್ಬರ ಕಾಗದ ಓದುವವರಲ್ಲ. ಅಂದರೆ ಅಣ್ಣನೇ ಕೊಟ್ಟಿದ್ದಾನೆ. ಚಿಕ್ಕವಳಿದ್ದಾಗ ನಾನು ಗಾಜು ಒಡೆದದ್ದನ್ನು ತನ್ನ ಮೇಲೆ ಹಾಕಿಕೊಂಡು ಏಟು ತಿಂದವನು, ಜೀವಮಾನದಲ್ಲಿ ನನ್ನ ಒಂದು ಗುಟ್ಟು ಹೊರಗೆ ಬಿಟ್ಟವನಲ್ಲ. ಈ ಸಲ ನನಗೊಂದು ಸಾಲನ್ನೂ ಬರೆದಿಲ್ಲ.

ಅವನಿಗೆ ನನ್ನ ಮೇಲೆ ಕೋಪವೇ? ಆಸ್ಪತ್ರೆಯಲ್ಲಿದ್ದಾಗ ನಾನು ಬರಲಿಲ್ಲವೆಂದೇ? ನೀವೇ ಬರಬೇಡ ಅಂದಿರಿ. ಅಥವಾ ಅವನ ಅಂಗಡಿಯಲ್ಲಿ ನಾನು ತಲೆಹಾಕಿದೆ ಎಂದೇ? ನೇರವಾಗಿ ಬೈದರೆ ಬೈಸಿಕೊಳ್ಳುತ್ತೇನೆ. ಹೀಗೆ ಸುಮ್ಮನಿದ್ದರೆ ನನಗೆ ಕೆಲಸಕ್ಕೆ ಕೈ ಹೋಗುವುದಿಲ್ಲ.

ಅಂಗಡಿ ಮಾತ್ರ ಕೊಡಬೇಡಿ. ಅಂಗಡಿ ಹೋದರೆ ಅಣ್ಣ ಏನಾಗುತ್ತಾನೆ, ನೀವೇ ಯೋಚಿಸಿ.

ನಾದಿನಿ


ಮಾರ್ಚ್ ೧೮

ನನ್ನ ಪ್ರೀತಿಯ ನಾದಿನಿಗೆ,

ಆಣೆ ಮುರಿಯುತ್ತಿದ್ದೇನೆ. ಮುರಿದರೆ ಮುರಿಯಲಿ, ಇಬ್ಬರ ನಡುವೆ ಸಿಕ್ಕಿ ನನ್ನ ಕರುಳು ಕಿತ್ತು ಬರುತ್ತಿದೆ.

ನಿಮ್ಮಣ್ಣನಿಗೆ ಕಣ್ಣು ಮಂಜಲ್ಲ. ಅವರಿಗೆ ಓದು ಬರುವುದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಪೇಪರು ಕೈಗೆ ಕೊಟ್ಟರು. ಇವರು ತಿರುಗಿಸಿ ಮುರುಗಿಸಿ ನೋಡಿ, "ಇದ್ಯಾವ ಭಾಷೆ ಸಾರ್?" ಅಂದರು. ನಾನು ತಮಾಷೆ ಅಂದುಕೊಂಡೆ. ಡಾಕ್ಟರು ಪೆನ್ನು ಕೊಟ್ಟು, ಏನಾದರೂ ಬರೆಯಿರಿ ಅಂದರು. ಹೆಸರು, ವಿಳಾಸ, "ಇಲ್ಲಿಯ ಮಂಚಗಳು ಸರಿಯಿಲ್ಲ" ಅಂತ ದುಂಡಾಗಿ ಬರೆದರು. ಆ ಹಾಳೆಯನ್ನೇ ಹಿಂದಕ್ಕೆ ಕೊಟ್ಟು ಈಗ ಓದಿ ಅಂದಾಗ, ಬಹಳ ಹೊತ್ತು ನೋಡಿ, "ಯಾರು ಬರೆದದ್ದು ಇದನ್ನ?" ಎಂದು ಕೇಳಿದರು. ಓದುವ ಕಡೆ ಏಟು ಬಿದ್ದಿದೆ, ಬರೆಯುವುದು ಕೈಯಲ್ಲಿ ಉಳಿದಿದೆ, ಹೀಗೂ ಆಗುವುದುಂಟು ಎಂದರು ಡಾಕ್ಟರು. ಜೊತೆಗೆ ಬಲಗಡೆ ಇರುವುದು ಅವರಿಗೆ ಕಾಣುವುದೇ ಇಲ್ಲ. ತಟ್ಟೆಯ ಬಲ ಅರ್ಧ ಹಾಗೇ ಬಿಟ್ಟು, ಬಡಿಸಿಲ್ಲ ಅಂತ ನನ್ನ ಮೇಲೆ ಹಾರಾಡುತ್ತಾರೆ. ಹಾಳೆಯ ಬಲಗಡೆ ಖಾಲಿ ಬಿಟ್ಟದ್ದನ್ನು ಹೊಗಳಿ ಬರೆದಿದ್ದೆಯಲ್ಲ, ಆ ಸಾಲನ್ನು ನಾನು ಅವರಿಗೆ ಓದಿ ಹೇಳಲಿಲ್ಲ.

ನಿನ್ನ ಕಾಗದಗಳನ್ನೆಲ್ಲ ನಾನೇ ಓದಿ ಹೇಳುವುದು. ಆ ಚೀಟಿಯನ್ನೂ ತಂದು ಕೈಗಿಟ್ಟರು. ಓದುತ್ತ ಓದುತ್ತ ಅದು ನನ್ನದೇ ವಿಷಯ ಅಂತ ಗೊತ್ತಾದಾಗ ಇಬ್ಬರಿಗೂ ಮುಖ ಎತ್ತಲಾಗಲಿಲ್ಲ. ಅವತ್ತಿನಿಂದ ನಿನಗೆ ಬರೆಯುವುದನ್ನು ನಿಲ್ಲಿಸಿದರು.

ನಿನಗೆ ಹೇಳಬಾರದು ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. "ಕೌಂಟರಿನ ಮೇಲೆ ವಾಷರ್ ಜೋಡಿಸಿ ಅವಳಿಗೆ ಅಕ್ಷರ ಕಲಿಸಿದೋನು ನಾನು. ಈಗ ಅವಳು ಮಾಡಿದ ಬೋರ್ಡ್ ನಾನೇ ಓದಲಾರೆ ಅಂತ ಅವಳಿಗೆ ಹೇಳ್ತೀಯಾ?" ಅಂದರು.

ಡ್ರಾಯರುಗಳ ಕಥೆ ಇನ್ನೂ ಕೆಟ್ಟದು. ಓದು ಹೋದರೂ ಆ ಗೋಡೆ ಅವರಿಗೆ ಕೈಯಲ್ಲಿ ಗೊತ್ತಿತ್ತು. ಎಲ್ಲಿ ಏನಿದೆ ಅಂತ ನೋಡದೆ ತೆಗೆಯುತ್ತಿದ್ದರು. ಅದೊಂದು ಉಳಿದಿತ್ತು. ದೊಡ್ಡ ಅಕ್ಷರ ದಿನಾ ಕಣ್ಣಿಗೆ ಬಿದ್ದರೆ ಓದು ಮರಳಿ ಬಂದೀತು ಅನ್ನುವ ಆಸೆಗೆ ನಾನು ನಿನ್ನ ಹತ್ತಿರ ಲೇಬಲ್ ಕೇಳಿದೆ. ನಾವಿಬ್ಬರು ಸೇರಿ ಅದನ್ನೂ ಅಕಾರಾದಿ ಮಾಡಿದೆವು. ಮೊನ್ನೆ ಬಾಯಿಬಿಟ್ಟರು: "ನನ್ನ ಕೈಗೆ ಗೊತ್ತಿದ್ದ ಅಂಗಡೀನ ನೀವು ಪುಸ್ತಕ ಮಾಡಿಬಿಟ್ರಿ ಕಣೇ."

ನಿನ್ನ ಅತ್ತಿಗೆ


ಮಾರ್ಚ್ ೨೭

ಪ್ರೀತಿಯ ಅತ್ತಿಗೆ,

ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಮೊದಲು ಅಣ್ಣನಿಗಾಗಿ, ಆಮೇಲೆ ಆ ಖಾಲಿ ಜಾಗ ನೋಡಿ ನಕ್ಕ ನನ್ನ ಬುದ್ಧಿಗಾಗಿ. ನಿಮ್ಮ ಮೇಲೂ ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಅಕಾರಾದಿ ಎಂದವಳು ನಾನು, ನೀವು ಅದನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ.

ಸಂಜೆ ಸ್ಟೇಷನ್ನಿಗೆ ಹೋದೆ. ಅಲ್ಲಿಯ ಬೋರ್ಡುಗಳೆಲ್ಲ ನಮ್ಮ ಆಫೀಸಿನವು, ಅರ್ಧ ನಾನೇ ಮಾಡಿದವು. ನನಗೆ ಅಕ್ಷರವೇ ಗೊತ್ತಿಲ್ಲ ಎಂದುಕೊಂಡು ಅವುಗಳ ಕೆಳಗೆ ನಡೆದಾಡಿದೆ. ಅಕ್ಷರ ಕಿತ್ತುಹಾಕಿದರೆ ಏನು ಉಳಿಯುತ್ತದೆ? ಬಣ್ಣ ಉಳಿಯುತ್ತದೆ, ಆಕಾರ ಉಳಿಯುತ್ತದೆ. ಯಾವುದು ಯಾವುದರ ಪಕ್ಕದಲ್ಲಿದೆ, ಎಲ್ಲಿ ಜಾಗ ಬಿಟ್ಟಿದೆ, ಯಾವುದು ಮೊದಲು ಕಣ್ಣಿಗೆ ಬೀಳುತ್ತದೆ, ಇಷ್ಟು ಉಳಿಯುತ್ತದೆ. ನಾನು ಹೊಸಬರಿಗೆ ಬೋಧಿಸುವ ಪಾಠವೆಲ್ಲ ಇದೇ. ಅಕ್ಷರ ಓದಲು ಬರುವವರಿಗೂ ಇವೇ ದಾರಿ ತೋರಿಸುವುದು. ಕೆಲವು ಬೋರ್ಡುಗಳಲ್ಲಿ ಅಕ್ಷರ ತೆಗೆದರೆ ಏನೂ ಉಳಿಯಲಿಲ್ಲ. ಅವು ನನ್ನವೇ. ಅವುಗಳನ್ನು ನಾನು ಮತ್ತೆ ಮಾಡಬೇಕು.

ಅತ್ತಿಗೆ, ಲೇಬಲ್ಲುಗಳನ್ನೆಲ್ಲ ಕಿತ್ತುಹಾಕಿ. ಎಲ್ಲವನ್ನೂ. ಡ್ರಾಯರ್ ಖಾಲಿ ಮಾಡಿ, ಅಣ್ಣನನ್ನು ಮುಂದೆ ಕೂರಿಸಿಕೊಂಡು ಅವನನ್ನೇ ಕೇಳಿ, ಎಲ್ಲಿ ಏನಿತ್ತು ಎಂದು. ಯಾವುದು ಯಾವುದರ ಹತ್ತಿರ ಇರಬೇಕೆಂದು ಅವನು ಹೇಳಲಿ. ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಒಂದು ಸಾಲು ಖಾಲಿ ಬಿಡಿ. ಡ್ರಾಯರಿನ ಮುಖದ ಮೇಲೆ ಒಳಗಿರುವ ವಸ್ತುವಿನಲ್ಲೇ ಒಂದನ್ನು ತಂತಿಯಿಂದ ಕಟ್ಟಿ ನಿಲ್ಲಿಸಿ. ಗಿರಾಕಿಗಳಿಗೂ ಒಂದು ಹಲಗೆಯ ಮೇಲೆ ಎಲ್ಲದರ ಮಾದರಿ ಇಡಿ, ಚೀಟಿ ಚಾಚುವ ಬದಲು ಬೆರಳು ಮಾಡಿ ತೋರಿಸಲಿ.

ಇನ್ನೊಂದು. ಅವನ ಕುರ್ಚಿ ಕೌಂಟರಿನ ನಡುವೆ ಇದೆಯಲ್ಲ, ಅದನ್ನು ಬಲತುದಿಗೆ ಸರಿಸಿ. ಬಲಗಡೆ ಬರೀ ಗೋಡೆ ಇರಲಿ. ಇಡೀ ಅಂಗಡಿ ಅವನ ಎಡಕ್ಕೆ ಬರಲಿ. ಸಮತೋಲನ ಎಂದರೆ ಎರಡೂ ಕಡೆ ಒಂದೇ ತೂಕ ಎಂದು ಹೊಸಬರು ಬರೆಯುತ್ತಾರೆ, ನಾನು ಅದಕ್ಕೆ ಅಂಕ ಕಳೆಯುತ್ತೇನೆ. ನೋಡುವವನು ಎಲ್ಲಿ ಕೂತಿದ್ದಾನೆ ಎಂಬುದನ್ನು ಮೊದಲು ಕೇಳಬೇಕು.

ನನಗೆ ಗೊತ್ತಾಗಿದೆ ಎಂದು ಅವನಿಗೆ ಹೇಳುವುದೋ ಬೇಡವೋ, ನಿಮಗೆ ಬಿಟ್ಟದ್ದು. ನನಗೆ ಧೈರ್ಯವಿಲ್ಲ.

ನಿಮ್ಮ ನಾದಿನಿ


ಏಪ್ರಿಲ್ ೮

ಪ್ರೀತಿಯ ನಾದಿನಿಗೆ,

ಕಿತ್ತೆ. ನಿನ್ನ ಅಂಟು ಅದೆಂಥ ಅಂಟೋ, ಉಗುರೆಲ್ಲ ಹೋಯಿತು. ನಾನು ಕೀಳುವುದನ್ನು ನೋಡಿ ನಿಮ್ಮಣ್ಣ, "ಯಾಕೆ, ನಿನಗೂ ಓದಕ್ಕೆ ಬರಲ್ವಾ?" ಅಂದರು. ತಿಂಗಳಾದ ಮೇಲೆ ಅವರ ಬಾಯಿಂದ ಬಂದ ಮೊದಲ ಕೊಂಕು. ನನಗೆ ಅಳುವಷ್ಟು ಸಂತೋಷವಾಯಿತು.

ಆಮೇಲೆ ನೋಡಬೇಕಿತ್ತು ಅವರ ದರ್ಬಾರು. ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತರು. ನಾನು ಒಂದೊಂದೇ ಡ್ರಾಯರ್ ಹಿಡಿದು ಕೂಲಿಯವಳ ಹಾಗೆ ಓಡಾಡಿದೆ. ಹೆಸರಿನ ಮಾತೇ ಇಲ್ಲ, ಎಲ್ಲ ಕಸುಬಿನ ಮೇಲೆ. ಬಡಗಿಗೆ ಬೇಕಾದದ್ದೆಲ್ಲ ಒಂದು ಕಡೆ, ನಲ್ಲಿಯವನದು ಒಂದು ಕಡೆ, ಗಾರೆಯವನದು ಕೆಳಗೆ. "ಬಾಗಿಲಿನ ಬಿಜಾಗರಿ ತಗೊಂಡೋನು ಅದರ ಸ್ಕ್ರೂ ಕೇಳದೆ ಹೋಗ್ತಾನಾ? ಅವೆರಡನ್ನ ದೂರ ಇಡೋದು ಯಾವ ನ್ಯಾಯ?" ಅಂತ ನನ್ನ ಮೇಲೆ ರೇಗಿದರು. ಅಕಾರಾದಿಯಲ್ಲಿ ಒಂದು ಈ ತುದಿ, ಇನ್ನೊಂದು ಆ ತುದಿ ಆಗಿತ್ತು. ಖಾಲಿ ಬಿಟ್ಟ ಸಾಲಿನಲ್ಲಿ ನಾನು ಮಿಕ್ಕ ಮೊಳೆ ತುಂಬಲು ಹೋದೆ, ಕೈ ಮೇಲೆ ಏಟು ಬಿತ್ತು.

ಆಮೇಲೆ ಕುರ್ಚಿ ಸರಿಸಿದೆ. ಕೂತು ಎಡಕ್ಕೆ ನೋಡಿದರು. ಅಂಗಡಿಯ ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ಕಣ್ಣು ಹಾಯಿಸಿದರು. "ಇದು ಯಾರ ಬುದ್ಧಿ?" ಅಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಿಮ್ಮ ತಂಗಿದು. ಅವಳಿಗೆ ಎಲ್ಲ ಹೇಳಿದ್ದೀನಿ" ಅಂದೆ.

ಮಧ್ಯಾಹ್ನವೆಲ್ಲ ನನ್ನೊಡನೆ ಮಾತು ಬಿಟ್ಟರು. ಸಂಜೆ ಚಹಾ ಕೊಟ್ಟಾಗ, "ಏನಂದಳು?" ಅಂತ ಕೇಳಿದರು. ಅತ್ತಳಂತೆ ಅಂದೆ. ಲೋಟ ಕೆಳಗಿಟ್ಟರು. "ಇನ್ನು ಅವಳು ನನಗೆ ಕಾಗದ ಬರೆಯಲ್ಲ. ನಿನಗೆ ಬರೀತಾಳೆ, ನೀನು ಓದಿ ಹೇಳ್ತೀಯ. ಅಂಗಡಿ ಏನೋ ಸಿಕ್ತು. ಇಲಿಮರಿ ಹೋದಳು" ಅಂದರು.

ನಾನು ಹಾಗೇನಿಲ್ಲ ಅಂದೆ. ಆದರೆ ಅವರ ಮಾತಿನಲ್ಲಿ ತಪ್ಪೇನಿದೆ? ನಿನ್ನ ಈ ಕಾಗದಗಳೂ ನನಗೇ ಬರುತ್ತಿವೆ. ನಾನು ಯಾವ ಸಾಲು ಬಿಟ್ಟು ಓದಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಬಿಟ್ಟು ಓದಿದ್ದೂ ನಿಜ. ಅಂಗಡಿಯ ವಿಷಯ ಏಪ್ರಿಲ್ ಕೊನೆಗೆ ನೋಡೋಣ. ಹೀಗೆ ಮಂಕಾಗಿ ಕೂತರೆ ಗೋಡೆ ಸರಿಯಿದ್ದು ಏನು ಬಂತು?

ನಿನ್ನ ಅತ್ತಿಗೆ


ಏಪ್ರಿಲ್ ೧೭

ಪ್ರೀತಿಯ ಅತ್ತಿಗೆ,

ಇದರೊಳಗಿನ ಮಡಿಸಿದ ಹಾಳೆ ಅಣ್ಣನಿಗೆ. ಅದರಲ್ಲಿ ಒಂದೇ ಒಂದು ಅಕ್ಷರವೂ ಇಲ್ಲ, ಬರೀ ಚಿತ್ರ. ನೀವು ಓದಿ ಹೇಳಬೇಕಾದದ್ದು ಏನೂ ಇಲ್ಲ. ಕೈಗೆ ಕೊಟ್ಟು ಆಚೆ ಹೋಗಿಬಿಡಿ.

ಒಂದು ವಾರ ಇದರ ಹಿಂದೆ ಬಿದ್ದಿದ್ದೆ. ಆಸ್ಪತ್ರೆಯ ಬೋರ್ಡಿಗೂ ಇಷ್ಟು ಹಾಳೆ ಹರಿದಿಲ್ಲ. ಮೊದಲು ಎಲ್ಲವನ್ನೂ ಹೇಳಲು ಹೋದೆ, ಪುಟ ಸಂತೆಯಾಯಿತು. ಯಾವುದು ಮೊದಲು ಕಣ್ಣಿಗೆ ಬೀಳಬೇಕು ಎಂದು ನನ್ನನ್ನೇ ಕೇಳಿಕೊಂಡಾಗ, ಅವನಿಗೆ ನಾನು ಹೇಳಬೇಕಾದದ್ದು ಒಂದೇ ವಿಷಯ ಎಂದು ಗೊತ್ತಾಯಿತು. ಅದನ್ನು ದೊಡ್ಡದಾಗಿ ಎಡಕ್ಕೆ ಇಟ್ಟೆ. ಉಳಿದವೆರಡು ಸಣ್ಣವು. ಒಂದು ತುಸು ತರಲೆ, ಅದು ನಿಮ್ಮ ಬಗ್ಗೆ. ಮಿಕ್ಕದ್ದೆಲ್ಲ ಅಳಿಸಿದೆ. ಅಳಿಸುವುದೇ ಕಷ್ಟದ ಕೆಲಸ.

ಅವನಿಗೆ ಅರ್ಥವಾಗದಿದ್ದರೆ ನನ್ನ ಕೆಲಸ ಕೆಟ್ಟದೆಂದು ಅರ್ಥ, ಅವನ ಕಣ್ಣು ಕೆಟ್ಟದೆಂದಲ್ಲ. ಇದನ್ನು ಮಾತ್ರ ಅವನಿಗೆ ಓದಿ ಹೇಳಿ.

ನಿಮ್ಮ ನಾದಿನಿ


ಮೇ ೩

ಪ್ರೀತಿಯ ನಾದಿನಿಗೆ,

ಅಂಗಡಿಯ ಸುದ್ದಿ ಮೊದಲು. ಬಣ್ಣದಂಗಡಿಯವರು ತಿಂಗಳ ಕೊನೆಯಲ್ಲಿ ಸರಿಯಾಗಿ ಬಂದರು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಣ್ಣ ಕುರ್ಚಿಯಿಂದಲೇ, "ಗೋಡೆ ಒಡೀಬೇಕಾದ್ರೆ ನೀವು ಸುತ್ತಿಗೆ ನನ್ನ ಹತ್ರಾನೇ ತಗೋಬೇಕು. ಕೊಡಲ್ಲ, ಹೋಗಿ" ಅಂದರು. ಆ ಮನುಷ್ಯ ನಕ್ಕು, ಹಾಗಾದರೆ ನಮ್ಮ ಬಾಗಿಲಿಗೊಂದು ಚಿಲಕ ಕೊಡಿ ಅಂದ. ಇವರು ಕೈ ಚಾಚಿ ಕೊಟ್ಟರು. ಸರಿಯಾದದ್ದನ್ನೇ ಕೊಟ್ಟರು. ಎಲ್ಲ ದಿನವೂ ಹಾಗಿರುವುದಿಲ್ಲ, ಮೊನ್ನೆ ಎರಡು ಸಲ ತಪ್ಪಾಯಿತು. ತಪ್ಪಾದಾಗ ಗಿರಾಕಿಗೆ ತಾವೇ ಹೇಳುತ್ತಾರೆ, "ನನಗೆ ಓದಕ್ಕೆ ಬರಲ್ಲಪ್ಪ, ಹಲಗೆ ಮೇಲೆ ತೋರಿಸು" ಅಂತ. ಅದನ್ನು ಮೊದಲ ಸಲ ಕೇಳಿದಾಗ ನಾನು ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ.

ಇನ್ನು ನಿನ್ನ ಹಾಳೆಯ ವಿಷಯ. ನೀನು ಹೇಳಿದ ಹಾಗೆ ಕೈಗೆ ಕೊಟ್ಟು, ನಿನ್ನ ಆ ಕೊನೆಯ ಮಾತನ್ನು ಓದಿ ಹೇಳಿ, ಆಚೆ ಹೋದೆ. ಹೋದೆ ಅಂದರೆ ಬಾಗಿಲ ಸಂದಿಯಲ್ಲಿ ನಿಂತೆ. ನಾನೂ ಮನುಷ್ಯಳೇ. ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು, ಅಲುಗಾಡಲಿಲ್ಲ. ಅರ್ಥವಾಗಲಿಲ್ಲವೇನೋ ಅಂತ ನನ್ನ ಜೀವ ಹಾರಿಹೋಯಿತು. ಆಮೇಲೆ ಒಮ್ಮೆ ಕಿಸಕ್ಕನೆ ನಕ್ಕರು. ಅದು ನನ್ನ ಬಗ್ಗೆ ಇರಬೇಕು. ಆಮೇಲೆ ಹಾಳೆಯ ಎಡಗಡೆ ಬೆರಳಿಟ್ಟುಕೊಂಡು ಅತ್ತರು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆ ಮನುಷ್ಯ ಅತ್ತದ್ದನ್ನು ನಾನು ನೋಡಿರಲಿಲ್ಲ.

ಒಳಗೆ ಹೋಗಿ, "ಏನು ಬರೆದಿದ್ದಾಳೆ?" ಅಂದೆ. ಹಾಳೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು. "ನನಗೆ ಬಂದ ಕಾಗದ. ನಿನಗ್ಯಾಕೆ?" ಅಂದರು. ನಾನು ಬಿಡಲಿಲ್ಲ, ಪೀಡಿಸಿದೆ, ಊಟ ಹಾಕುವುದಿಲ್ಲ ಅಂದೆ. ಊಹುಂ. ಅದೆಂಥ ಜಂಬ ನಿಮ್ಮಣ್ಣನದು! ಎರಡು ದಿನದಿಂದ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡು ಓಡಾಡುತ್ತಿದ್ದಾರೆ. ಸಿಟ್ಟು ಬಂದರೂ ನೋಡಿ ಹೊಟ್ಟೆ ತಣ್ಣಗಾಯಿತು.

ಇವತ್ತು ಬೆಳಿಗ್ಗೆ ಪೆನ್ನು ಕೇಳಿದರು. ಕೌಂಟರಿನಲ್ಲಿ ನನ್ನ ಕಡೆ ಬೆನ್ನು ಹಾಕಿ ಕೂತು ನಿನಗೆ ಉತ್ತರ ಬರೆದಿದ್ದಾರೆ. ಎರಡು ಹಾಳೆ ಆಗಿರಬೇಕು. ಲಕೋಟೆಗೆ ಹಾಕಿ, ತಾವೇ ಅಂಟು ಹಚ್ಚಿ, ನನ್ನ ಕೈಗೆ ಕೊಟ್ಟರು. ಇದರ ಜೊತೆ ಕಳಿಸುತ್ತಿದ್ದೇನೆ. ನಾನು ಓದಿಲ್ಲ. ಬರೆದವರೂ ಓದಿಲ್ಲ. ಬೇಗ ಓದು.

ನಿನ್ನ ಅತ್ತಿಗೆ